ಊರಿಗಾಂನಲ್ಲಿ ನಲವತ್ತು ಗಂಟೆ

ಪ್ರಿಯ ಗೆಳತಿ,

ಮಿಸ್ಸಿಸಾಗಾದಿಂದ ನೀವು ಬರೆದ ಕಾಗದ ಬಂತು. ಮಗಳು ಈ ಸಲದ ರಜೆಯಲ್ಲಿ ಊರಿಗಾಂಗೆ ಬಂದು ಅಜ್ಜಿಯ ಜೊತೆ ಇರುತ್ತಾಳೆ ಅನ್ನುವ ಸುದ್ದಿ ಓದಿ ಬಹಳ ಸಂತೋಷವಾಯಿತು. ನಿಮಗೆ ಅಲ್ಲಿ ಬೇಸಿಗೆ ರಜೆ ಅಂದರೆ ಜುಲೈ, ಆಗಸ್ಟ್. ಆಗ ಇಲ್ಲಿ ಶಾಲೆಗಳು ನಡೆಯುತ್ತಿರುತ್ತವೆ, ಅವಳ ವಯಸ್ಸಿನ ಮಕ್ಕಳೆಲ್ಲ ಊರಲ್ಲೇ ಇರುತ್ತಾರೆ. ಒಳ್ಳೆಯದೇ ಆಯಿತು.

ಕಾಗದದ ಕೊನೆಗೆ ನೀವು ಕೇಳಿದ ಪ್ರಶ್ನೆ ಮಾತ್ರ ನನ್ನನ್ನು ಬಿಟ್ಟಿಲ್ಲ. ಒಂಟಾರಿಯೋದಲ್ಲಿ ಹೈಸ್ಕೂಲ್ ಸರ್ಟಿಫಿಕೇಟ್ ಕೈಗೆ ಬರಬೇಕಾದರೆ ಪ್ರತಿ ವಿದ್ಯಾರ್ಥಿಯೂ ಸಂಬಳವಿಲ್ಲದೆ 40 ಗಂಟೆ ಊರಿನ ಕೆಲಸ ಮಾಡಿರಬೇಕು, 1999ರಿಂದ ಈ ನಿಯಮ ಇದೆ, ನಿಮ್ಮ ಮಗಳು ಇನ್ನೂ ಶುರು ಮಾಡಿಲ್ಲ ಅಂತ ಬರೆದಿದ್ದೀರಿ. ‘ನಮ್ಮೂರಿನ ಹೈಸ್ಕೂಲ್ ಮಕ್ಕಳು ಊರಿಗಾಗಿ ಏನು ಮಾಡುತ್ತಾರೆ? ಇವಳು ಅವರ ಜೊತೆ ಸೇರಿ ಏನಾದರೂ ಮಾಡಬಹುದೇ?’ ಅಂತ ಕೇಳಿದ್ದೀರಿ. ಇದಕ್ಕೆ ಒಂದು ಸಾಲಿನ ಉತ್ತರ ಸಾಲದು. ಸ್ವಲ್ಪ ಪುರಸೊತ್ತು ಮಾಡಿಕೊಂಡು ಓದಿ.

ಶಾಲೆಯ ಲೆಕ್ಕದ ಸೇವೆಯನ್ನು ಮೊದಲು ಹೇಳಿಬಿಡುತ್ತೇನೆ. ಹೈಸ್ಕೂಲಿನಲ್ಲಿ ಸ್ಕೌಟ್ಸ್ ಮತ್ತು ಗೈಡ್ಸ್ ಇದೆ, ಕೆಲವು ಕಡೆ ಎನ್‌ಸಿಸಿ ಇದೆ. ಪಿಯುಸಿಗೆ ಹೋದಮೇಲೆ ಎನ್‌ಎಸ್‌ಎಸ್. ಗಾಂಧೀಜಿ ಹುಟ್ಟಿ ನೂರು ವರ್ಷವಾದ 1969ರಲ್ಲಿ ಅದು ಕಾಲೇಜುಗಳಲ್ಲಿ ಶುರುವಾಯಿತು. ಅದಕ್ಕೆ ಸೇರಿದವರು ವರ್ಷಕ್ಕೆ 120 ಗಂಟೆಯಂತೆ ಎರಡು ವರ್ಷ ಕೆಲಸ ಮಾಡಬೇಕು, ಜೊತೆಗೆ ಯಾವುದಾದರೂ ಹಳ್ಳಿಯಲ್ಲಿ ಏಳು ದಿನದ ಶಿಬಿರ. ನಿಮ್ಮ ನಲವತ್ತಕ್ಕಿಂತ ಇದು ಎಷ್ಟೋ ಹೆಚ್ಚು. ಗಾಂಧಿ ಜಯಂತಿಗೆ ಸ್ವಚ್ಛತೆ, ವನಮಹೋತ್ಸವಕ್ಕೆ ಸಸಿ, ಮತದಾನಕ್ಕೆ ಮುಂಚೆ ಜಾಥಾ, ಪಲ್ಸ್ ಪೋಲಿಯೋ ದಿನ ಬೂತಿನ ಹತ್ತಿರ ನಿಂತು ಮಕ್ಕಳನ್ನು ಕರೆತರುವುದು. ಇವೆಲ್ಲ ನೀವು ಓದುವ ಕಾಲದಲ್ಲೂ ಇದ್ದವು, ಈಗಲೂ ಇವೆ. ಹತ್ತನೇ ತರಗತಿಗೆ ಬಂದ ಕೂಡಲೇ ಎಸ್ಸೆಸ್ಸೆಲ್ಸಿ ಅಂತ ಮಕ್ಕಳನ್ನು ಎಲ್ಲದರಿಂದ ಬಿಡಿಸಿಬಿಡುತ್ತಾರೆ. ಹಾಗಾಗಿ ಊರಿನ ಕೆಲಸಕ್ಕೆ ಸಿಗುವವರು ಹೆಚ್ಚಾಗಿ ಎಂಟು, ಒಂಬತ್ತನೇ ತರಗತಿಯವರು.

ನಾನು ನಿಮಗೆ ಹೇಳಬೇಕು ಅಂದುಕೊಂಡಿರುವುದು ಬೇರೆಯೇ ಒಂದು ಕೆಲಸದ ಬಗ್ಗೆ. ಅದಕ್ಕೆ ಬ್ಯಾಡ್ಜು ಇಲ್ಲ, ರಿಜಿಸ್ಟರೂ ಇಲ್ಲ.

ನೀವು ಊರು ಬಿಟ್ಟಾಗ ಕೋಲಾರದ ಚಿನ್ನದ ಗಣಿ, ಅಂದರೆ ಕೆಜಿಎಫ್, ಇನ್ನೂ ನಡೆಯುತ್ತಿತ್ತು. ಶಿಫ್ಟಿಗೆ ಕೂಗುವ ಸೈರನ್ನಿಗೆ ಊರು ಏಳುತ್ತಿತ್ತು, ಮಲಗುತ್ತಿತ್ತು. 2001ರ ಫೆಬ್ರವರಿ 28ರಂದು ಗಣಿ ಕಂಪನಿ ಬಿಜಿಎಂಎಲ್ ಮುಚ್ಚಿತು. ಈಗ ಊರು ಏಳುವುದು ರೈಲಿಗೆ. ಮಾರಿಕುಪ್ಪಂನಲ್ಲಿ ಹೊರಟು ಚಾಂಪಿಯನ್, ಊರಿಗಾಂ, ಕೋರಮಂಡಲ್, ಬಿಇಎಂಎಲ್ ನಗರ ದಾಟಿ ಬಂಗಾರಪೇಟೆ ಸೇರಿ, ಅಲ್ಲಿಂದ ಬೆಂಗಳೂರಿಗೆ. ಒಂದು ಕಾಲದಲ್ಲಿ ಗಣಿಗೆ ಯಂತ್ರ, ಕಲ್ಲಿದ್ದಲು, ಆಳು ತರಲಿಕ್ಕೆ ಅಂತ 1894ರಲ್ಲಿ ಹಾಕಿದ ದಾರಿ ಅದು. ಈಗ ಅದೇ ದಾರಿ ಊರಿನ ದುಡಿಯುವ ವಯಸ್ಸಿನವರನ್ನೆಲ್ಲ ಬೆಳಗಿನ ಜಾವ ಹೊರಗೆ ಒಯ್ಯುತ್ತದೆ, ರಾತ್ರಿ ತಂದು ಬಿಡುತ್ತದೆ. ಸೀಸನ್ ಟಿಕೆಟ್ ಮಾಡಿಸಿಕೊಂಡು ಗಾರ್ಮೆಂಟ್ಸು, ಸೆಕ್ಯುರಿಟಿ, ಆಸ್ಪತ್ರೆ, ಅಂಗಡಿ, ಐಟಿ ಕಂಪನಿ ಅಂತ ಸಾವಿರಾರು ಜನ ಹೋಗುತ್ತಾರೆ.

ಇದರಿಂದ ಹಗಲು ಹೊತ್ತಿನಲ್ಲಿ ಗಣಿ ಕಾರ್ಮಿಕರ ಲೈನ್ ಮನೆಗಳಲ್ಲಿ ಉಳಿಯುವವರು ಯಾರು ಅಂತ ಯೋಚಿಸಿ ನೋಡಿ. ಮುದುಕರು ಮತ್ತು ಮಕ್ಕಳು. ನಡುವಿನ ತಲೆಮಾರು ಮನೆಯಲ್ಲಿ ಇರುವುದೇ ಇಲ್ಲ. ಮಧ್ಯಾಹ್ನ ತಾತನಿಗೆ ಉಸಿರು ಕಟ್ಟಿದರೆ, ಪೋಸ್ಟ್‌ಮ್ಯಾನ್ ಏನಾದರೂ ಕವರು ತಂದುಕೊಟ್ಟರೆ, ರೇಷನ್ ಕಾರ್ಡಿಗೆ ಇ-ಕೆವೈಸಿ ಆಗಿಲ್ಲ ಅಂತ ಅಂಗಡಿಯವರು ವಾಪಸ್ ಕಳಿಸಿದರೆ, ಮನೆಯಲ್ಲಿ ಓದು ಬಲ್ಲ ಹಿರಿಯರು ಅಂದರೆ ಶಾಲೆಯಿಂದ ಬರುವ ಆ ಹದಿನಾಲ್ಕು ವರ್ಷದ ಹುಡುಗಿಯೇ.

ಭಾಷೆಯ ಸಂಗತಿ ನಿಮಗೆ ಹೊಸದಲ್ಲ. ಗಣಿಗೆ ಕೆಲಸಕ್ಕೆ ಬಂದವರಲ್ಲಿ ಹೆಚ್ಚಿನವರು ಉತ್ತರ ಆರ್ಕಾಟು, ಸೇಲಂ, ಚಿತ್ತೂರು ಕಡೆಯಿಂದ ಬಂದ ತಮಿಳರು, ತೆಲುಗರು. ಅವರಲ್ಲಿ ಬಹುಮಂದಿ ದಲಿತರು. ಮನೆಯ ಮಾತು ತಮಿಳು ಅಥವಾ ತೆಲುಗು. ಆ ಕಾಲದವರಿಗೆ ಓದಲು ಬಂದರೆ ತಮಿಳು, ಇಲ್ಲದಿದ್ದರೆ ಯಾವುದೂ ಇಲ್ಲ. ಸರ್ಕಾರದ ಕಾಗದ ಬರುವುದು ಕನ್ನಡದಲ್ಲಿ. ಭವಿಷ್ಯನಿಧಿ ಕಚೇರಿಯ ಕಾಗದ ಇಂಗ್ಲಿಷಿನಲ್ಲೋ ಹಿಂದಿಯಲ್ಲೋ. ಮೊಮ್ಮಕ್ಕಳು ಮಾತ್ರ ಶಾಲೆಯಲ್ಲಿ ಕನ್ನಡ ಕಲಿತಿದ್ದಾರೆ. ಕನ್ನಡ ಭಾಷಾ ಕಲಿಕಾ ಕಾಯ್ದೆ 2015ರಲ್ಲಿ ಬಂದಮೇಲಂತೂ ಇಂಗ್ಲಿಷ್ ಮೀಡಿಯಂ ಮಕ್ಕಳೂ ಕಲಿಯಲೇಬೇಕು. ಅಂದರೆ ಇಡೀ ಸಾಲುಮನೆಯಲ್ಲಿ ನಾಡಕಚೇರಿಯ ಅರ್ಜಿ ಓದಿ, ಅದನ್ನು ಪಾಟಿಗೆ, ಅಂದರೆ ಅಜ್ಜಿಗೆ, ತಮಿಳಿನಲ್ಲಿ ಹೇಳಿ, ಪಾಟಿಯ ಉತ್ತರವನ್ನು ಮತ್ತೆ ಕನ್ನಡದಲ್ಲಿ ಬರೆಯಬಲ್ಲವರು ಈ ಮಕ್ಕಳು. ಸ್ವಂತ ಅಜ್ಜಿಗೆ ಒಮ್ಮೆ ಬರೆದುಕೊಟ್ಟರೆ ಸಾಕು, ಪಕ್ಕದ ಮನೆಯವರು ಕರೆಯುತ್ತಾರೆ. ಆಮೇಲೆ ಎದುರು ಸಾಲಿನವರು. ಹೀಗೆ ಗೊತ್ತಿಲ್ಲದ ಹಾಗೆಯೇ ಒಬ್ಬ ಹುಡುಗಿ ಒಂದು ಲೈನಿನ ಬರಹಗಾರ್ತಿ ಆಗಿಬಿಡುತ್ತಾಳೆ.

ನನಗೆ ಇದನ್ನು ನೋಡಿದಾಗಲೆಲ್ಲ ಎಚ್. ನರಸಿಂಹಯ್ಯನವರು ನೆನಪಾಗುತ್ತಾರೆ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನವರು. ಆಗ ಅದು ನಮ್ಮ ಕೋಲಾರ ಜಿಲ್ಲೆಯೇ. ಬಡ ಮನೆಯ ಹುಡುಗ, ಓದಲಿಕ್ಕೆ ಅಂತ ಬೆಂಗಳೂರಿಗೆ ಹೋಗಿ ನ್ಯಾಷನಲ್ ಹೈಸ್ಕೂಲ್ ಸೇರಿದ್ದರು. 1936ರಲ್ಲಿ ಗಾಂಧೀಜಿ ಆ ಶಾಲೆಗೆ ಬಂದಾಗ ಅವರ ಹಿಂದಿ ಮಾತನ್ನು ಕನ್ನಡದಲ್ಲಿ ಹೇಳಿದವರು ಆ ಹೈಸ್ಕೂಲ್ ವಿದ್ಯಾರ್ಥಿ ನರಸಿಂಹಯ್ಯನವರೇ. ಮುಂದೆ ಅವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾದರು, ಬೆಂಗಳೂರು ಸೈನ್ಸ್ ಫೋರಂ ಕಟ್ಟಿದರು, ಅದೆಲ್ಲ ನಾಡಿಗೇ ಗೊತ್ತಿರುವ ಸಂಗತಿ. ನನಗೆ ಮುಖ್ಯ ಅನಿಸುವುದು ಆ ಹುಡುಗ. ಒಬ್ಬರು ಆಡಿದ ಮಾತು ಕೂಡಿದವರಿಗೆಲ್ಲ ಅರ್ಥವಾಗಲಿ ಅಂತ ಮಧ್ಯೆ ನಿಂತ ಹದಿಹರೆಯದವನು. ಊರಿಗಾಂನ ಮಕ್ಕಳು ದಿನವೂ ನಿಲ್ಲುವುದು ಅದೇ ಜಾಗದಲ್ಲಿ. ಅವರ ಮುಂದಿರುವುದು ಒಂದು ಪಿಂಚಣಿ ಅರ್ಜಿ, ಅಷ್ಟೇ ವ್ಯತ್ಯಾಸ.

ಆ ಅರ್ಜಿಯ ತೂಕ ನಿಮಗೆ ಗೊತ್ತಾಗಬೇಕು ಅಂತ ವಿವರವಾಗಿ ಬರೆಯುತ್ತೇನೆ. 65 ದಾಟಿದ ಬಡವರಿಗೆ ಸಂಧ್ಯಾ ಸುರಕ್ಷಾ ಅಂತ ತಿಂಗಳಿಗೆ 1,200 ರೂಪಾಯಿ ಬರುತ್ತದೆ. ಗಣಿಯಲ್ಲಿದ್ದವರಿಗೆ ನೌಕರರ ಪಿಂಚಣಿ ಯೋಜನೆಯಿಂದ ಬರುವ ಹಣ ಬೇರೆ. ಅದರ ಕನಿಷ್ಠ ಮೊತ್ತ 2014ರಿಂದಲೂ 1,000 ರೂಪಾಯಿ. ಈ ಎರಡನೆಯದು ನಿಲ್ಲದೆ ಬರಬೇಕಾದರೆ ವರ್ಷಕ್ಕೊಮ್ಮೆ ತಾನು ಬದುಕಿದ್ದೇನೆ ಅಂತ ಪ್ರಮಾಣ ಕೊಡಬೇಕು. ಊರಲ್ಲಿ ಎಲ್ಲರೂ ‘ಲೈಫ್ ಸರ್ಟಿಫಿಕೇಟ್’ ಅನ್ನುತ್ತಾರೆ. 2014ರಲ್ಲಿ ಇದನ್ನು ಬೆರಳಚ್ಚಿನ ಮೇಲೆ ಕಂಪ್ಯೂಟರಿನಲ್ಲಿ ಮಾಡುವ ಹಾಗಾಯಿತು. ಅನುಕೂಲವೇ. ಆದರೆ ಗಣಿಯ ಒಳಗೆ ಬಂಡೆಗೆ ಡ್ರಿಲ್ ಹಿಡಿದೋ, ಅದಿರು ಎತ್ತಿಯೋ ಮುದುಕರಾದವರ ಬೆರಳಿನಲ್ಲಿ ಗೆರೆಗಳು ಎಲ್ಲಿರುತ್ತವೆ? ಯಂತ್ರ ಒಪ್ಪುವುದಿಲ್ಲ. ಒರೆಸಿ ಇಡು ಅಂತಾರೆ, ನಾಳೆ ಬಾ ಅಂತಾರೆ. ಆಮೇಲೆ ಮೊಬೈಲಿನಲ್ಲಿ ಮುಖ ತೋರಿಸಿ ಮಾಡುವ ಆ್ಯಪ್ ಬಂತು. ಬೆರಳು ಕೊಡದ ತಾತನನ್ನು ಬಾಗಿಲ ಬೆಳಕಿಗೆ ಕೂರಿಸಿ, ಕಣ್ಣು ಮಿಟುಕಿಸು ಅಂತ ಹೇಳಿ, ಒಂದು ಸಲ ಆಗದಿದ್ದರೆ ಬೇಸರಪಡದೆ ಇನ್ನೊಂದು ಸಲ ಮಾಡುವ ತಾಳ್ಮೆ ಯಾವ ಸೈಬರ್ ಸೆಂಟರಿನಲ್ಲಿ ಸಿಗುತ್ತದೆ? ಹೈಸ್ಕೂಲ್ ಹುಡುಗರ ಹತ್ತಿರ ಅದು ಇದೆ. ಈ ಮಾತನ್ನು ಮೆಚ್ಚುಗೆಗೆ ಬರೆಯುತ್ತಿಲ್ಲ, ನಾನು ಕಂಡದ್ದನ್ನು ಬರೆಯುತ್ತಿದ್ದೇನೆ.

ಇದರಲ್ಲಿ ಎಚ್ಚರವೂ ಬೇಕು. ಆಧಾರ್ ನಂಬರು, ಬ್ಯಾಂಕ್ ಪುಸ್ತಕ, ಓಟಿಪಿ ಇವೆಲ್ಲ ಮಕ್ಕಳ ಕೈಗೆ ಬರುತ್ತವೆ. ಹಾಗಾಗಿ ನಮ್ಮ ಕಡೆ ಹುಡುಗರಿಗೆ ನಾನು ಗಟ್ಟಿಯಾಗಿ ಹೇಳುವುದು ಇಷ್ಟು: ಕಾಗದದ ಫೋಟೋ ನಿಮ್ಮ ಫೋನಿನಲ್ಲಿ ಇಟ್ಟುಕೊಳ್ಳಬೇಡಿ, ಓಟಿಪಿಯನ್ನು ತಾತನ ಬಾಯಲ್ಲೇ ಹೇಳಿಸಿ, ಹಣ ಎಣಿಸುವ ಕೆಲಸಕ್ಕೆ ಹೋಗಬೇಡಿ, ಒಬ್ಬರೇ ಹೋಗಬೇಡಿ. ಯಾರ ಮನೆಯಲ್ಲಿ ಯಾವ ಕಾಯಿಲೆ, ಯಾರ ಮಗ ಹಣ ಕಳಿಸುವುದಿಲ್ಲ ಅನ್ನುವುದು ಅರ್ಜಿ ಬರೆಯುವಾಗ ಕಿವಿಗೆ ಬೀಳುತ್ತದೆ, ಅದು ಆ ಹೊಸ್ತಿಲು ದಾಟಿ ಹೊರಗೆ ಬರಬಾರದು. ನಿಮ್ಮ ಮಗಳಿಗೂ ಇದೇ ಮಾತು. ಸೇವೆ ಮಾಡುತ್ತಿರುವ ಫೋಟೋ ಹಾಕುವ ಆಸೆ ಈ ವಯಸ್ಸಿನಲ್ಲಿ ಸಹಜ. ಆದರೆ ಗಣಿ ಧೂಳಿನ ಸಿಲಿಕೋಸಿಸ್‌ನಿಂದ ಏದುಸಿರು ಬಿಡುತ್ತಾ ಕೂತವರ ಫೋಟೋವನ್ನು ಯಾರೂ ಯಾವ ಗುಂಪಿಗೂ ಕಳಿಸಬಾರದು.

ಇನ್ನೊಂದು ವಿಷಯವನ್ನು ಹೇಳದೆ ಬಿಟ್ಟರೆ ನನಗೆ ಸಮಾಧಾನವಾಗದು. ನೀವು ಕಾಗದದಲ್ಲಿ, ‘ಲೈನ್‌ಗಳಲ್ಲಿ ಚರಂಡಿ ತುಂಬಾ ಕೆಟ್ಟಿದೆಯಂತೆ, ಮಕ್ಕಳು ಸೇರಿ ಕ್ಲೀನ್ ಮಾಡಬಹುದಲ್ಲ’ ಅಂತ ಬರೆದಿದ್ದೀರಿ. ನಿಮ್ಮ ಮನಸ್ಸು ಒಳ್ಳೆಯದೇ. ಅಲ್ಲಿ ನಿಮ್ಮ ಪಾರ್ಕಿನಲ್ಲಿ ಗ್ಲೌಸು ಹಾಕಿಕೊಂಡು ಪ್ಲಾಸ್ಟಿಕ್ ಆರಿಸುವ ಮಕ್ಕಳನ್ನು ನೋಡಿ ಹಾಗೆ ತೋಚಿದೆ. ಆದರೆ ಈ ಊರಿನ ಚರಿತ್ರೆ ಬೇರೆ. ಕಾಲಕ್ಕಿಂತ ಮೊದಲೇ ಇಲ್ಲಿಗೆ ಕರೆಂಟು ಬಂತು. 1902ರಲ್ಲಿ ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರ್ ತಂತಿ ಎಳೆದು ತಂದರು. ಬೇತಮಂಗಲದಿಂದ ಕುಡಿಯುವ ನೀರು ಬಂತು. ಗಣಿ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿಯಿತು, ಒಟ್ಟು ಸುಮಾರು 800 ಟನ್ ಚಿನ್ನ ಹೊರಗೆ ಬಂತು. ಅಷ್ಟೆಲ್ಲ ಮಾಡಿದ ಊರಿನ ಕಾರ್ಮಿಕರ ಸಾಲುಗಳಲ್ಲಿ ಒಣ ಕಕ್ಕಸು, ಅದನ್ನು ಕೈಯಿಂದ ಬಾಚುವ ಮನುಷ್ಯರು ಈ ಶತಮಾನದವರೆಗೂ ಇದ್ದರು. ಆ ಕೆಲಸವನ್ನು ಯಾವ ಜಾತಿಯವರಿಗೆ ಕೊಡುತ್ತಿದ್ದರು ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. 2013ರ ಕಾಯ್ದೆ ಅದನ್ನು ಅಪರಾಧ ಅಂದಿದೆ.

2023ರ ಡಿಸೆಂಬರಿನಲ್ಲಿ ನಮ್ಮದೇ ಜಿಲ್ಲೆಯ ಮಾಲೂರು ತಾಲ್ಲೂಕಿನ ಒಂದು ವಸತಿ ಶಾಲೆಯಲ್ಲಿ ಮಕ್ಕಳನ್ನು ಮಲದ ಗುಂಡಿಗೆ ಇಳಿಸಿ ಶುಚಿ ಮಾಡಿಸಿದ್ದು ಹೊರಗೆ ಬಂತು. ಇಡೀ ರಾಜ್ಯ ತಲೆ ತಗ್ಗಿಸಿತು. ಸಂಬಂಧಪಟ್ಟವರು ಅಮಾನತಾದರು, ಬಂಧನವೂ ಆಯಿತು. ನನಗೆ ಅಂದಿನಿಂದ ಮಕ್ಕಳ ಕೈಗೆ ಪೊರಕೆ ಕೊಡುವ ಯಾವ ಕಾರ್ಯಕ್ರಮವನ್ನೂ ಸುಮ್ಮನೆ ನೋಡಲು ಆಗುವುದಿಲ್ಲ. ತರಗತಿಯನ್ನು ತರಗತಿಯ ಮಕ್ಕಳೆಲ್ಲ ಸೇರಿ, ಮೇಷ್ಟರೂ ಸೇರಿ ಗುಡಿಸಿದರೆ ಅದು ಸರಿ, ಒಳ್ಳೆಯ ಪಾಠ. ಅದೇ ಚರಂಡಿ, ಕಕ್ಕಸು, ಮ್ಯಾನ್‌ಹೋಲು ನಗರಸಭೆಯ ಕೆಲಸ. ಯಂತ್ರ ತಂದು, ಸಂಬಳ ಕೊಟ್ಟು ಮಾಡಿಸಬೇಕಾದದ್ದು. ಯಾರ ತಾತಂದಿರು ಬುಟ್ಟಿ ಹೊತ್ತರೋ ಅವರ ಮೊಮ್ಮಕ್ಕಳಿಗೆ ಸೇವೆಯ ಹೆಸರಿನಲ್ಲಿ ಮತ್ತೆ ಅದನ್ನೇ ಕೊಡುವುದು ನನ್ನಿಂದ ಆಗದು. ಚರಂಡಿ ಕಟ್ಟಿಕೊಂಡಿದ್ದರೆ ಮಕ್ಕಳು ನಗರಸಭೆಗೆ ಅರ್ಜಿ ಬರೆಯಲಿ, ಸ್ವೀಕೃತಿ ಪಡೆಯಲಿ, ವಾರ ಬಿಟ್ಟು ಹೋಗಿ ಏನಾಯಿತು ಅಂತ ಕೇಳಲಿ. ಪೌರನೀತಿಯ ಪಾಠದಲ್ಲಿ ಓದುವುದನ್ನು ನಗರಸಭೆಯ ಕೌಂಟರಿನ ಮುಂದೆ ನಿಂತು ಕಲಿತ ಹಾಗೂ ಆಗುತ್ತದೆ.

ಹಾಗೆಯೇ ಸೈನೈಡ್ ದಿಬ್ಬದ ಮೇಲೆ ಗಿಡ ನೆಡುವ ನಿಮ್ಮ ಆಸೆ. ಬೇಡ. ಅದಿರು ಅರೆದು ಚಿನ್ನ ತೆಗೆದಮೇಲೆ ಉಳಿದ ಹಿಟ್ಟಿನಂಥ ಮಣ್ಣು ಅದು. ಒಟ್ಟು ಮೂರು ಕೋಟಿ ಟನ್ನಿಗಿಂತ ಹೆಚ್ಚು ಅಂತ ಲೆಕ್ಕ. ಅದನ್ನು ಹಸಿರು ಮಾಡುವುದು, ಇಲ್ಲವೇ ಅಲ್ಲಿಂದ ತೆಗೆಯುವುದು ಸರ್ಕಾರದ, ಕಂಪನಿಯ ಹೊಣೆ. ಮಕ್ಕಳನ್ನು ಆ ಧೂಳಿಗೆ ಹತ್ತಿಸಬಾರದು. ಆದರೆ ಮನೆಯಲ್ಲಿ ಕೂತೇ ಮಾಡಬಹುದಾದ ಒಂದು ಕೆಲಸ ನನಗೆ ತೋಚುತ್ತದೆ. ನಿಮ್ಮ ಮಗಳು ಬರುವುದು ಆಷಾಢದ ಗಾಳಿಯ ಹೊತ್ತಿಗೆ. ಧೂಳು ಎದ್ದು ಮನೆಗಳ ಒಳಗೆ ಬೀಳುವ ದಿನ ಯಾವುದು, ಯಾವ ಬೀದಿಯಲ್ಲಿ ಹೆಚ್ಚು, ಎಷ್ಟು ಹೊತ್ತಿನಿಂದ ಎಷ್ಟು ಹೊತ್ತಿನವರೆಗೆ ಅಂತ ಬೇರೆ ಬೇರೆ ಬೀದಿಯ ಮಕ್ಕಳು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟರೆ? ‘ಧೂಳು ಬರುತ್ತೆ ಸಾರ್’ ಅಂತ ದೊಡ್ಡವರು ಎಷ್ಟೋ ವರ್ಷದಿಂದ ಹೇಳುತ್ತಿದ್ದಾರೆ. ತಾರೀಖು ಹಾಕಿ ಬರೆದ ಒಂದು ಪುಸ್ತಕ ಮೇಜಿನ ಮೇಲೆ ಇಟ್ಟರೆ ಅಧಿಕಾರಿಗಳು ಅದನ್ನು ಅಷ್ಟು ಸುಲಭವಾಗಿ ಪಕ್ಕಕ್ಕೆ ಸರಿಸಲಾರರು. ಒಂದು ಆಷಾಢಕ್ಕೆ ಮುಗಿಯುವ ಕೆಲಸವಲ್ಲ ಇದು. ನಿಮ್ಮ ಮಗಳು ಶುರು ಮಾಡಿ ಹೋದರೆ ಇಲ್ಲಿಯವರು ಮುಂದುವರಿಸಬೇಕು. ನಾನು ಇಲ್ಲಿಯ ಮಕ್ಕಳಿಗೂ ಇದನ್ನು ಹೇಳುತ್ತೇನೆ.

ಊರಿನವರೇ ಊರಿಗಾಗಿ ಮಾಡುವ ಕೆಲಸಕ್ಕೆ ಇಲ್ಲಿ ಹಳೆಯ ಬೇರುಗಳಿವೆ. ನೂರು ವರ್ಷಕ್ಕೂ ಹಿಂದೆ ತಮಿಳು ದಲಿತ ಚಿಂತಕ ಅಯೋತಿ ದಾಸರ ಬೌದ್ಧ ಸಂಘದ ಶಾಖೆಗಳು ಮಾರಿಕುಪ್ಪಂ, ಚಾಂಪಿಯನ್ ರೀಫ್‌ಗಳಲ್ಲಿ ನಡೆಯುತ್ತಿದ್ದವು. ಅವುಗಳಲ್ಲಿ ಗಣಿಯ ದಲಿತ ಕುಟುಂಬಗಳವರೇ ಹೆಚ್ಚು. ಅಯೋತಿ ದಾಸರು 1914ರಲ್ಲಿ ತೀರಿಕೊಂಡಮೇಲೆ ಅವರ ‘ತಮಿಳನ್’ ಪತ್ರಿಕೆ 1920ರ ದಶಕದಲ್ಲಿ ಮತ್ತೆ ಹೊರಬಂದದ್ದು ನಮ್ಮ ಕೆಜಿಎಫ್‌ನಿಂದ. ದಿನವೆಲ್ಲ ನೆಲದೊಳಗೆ ಕೆಲಸ ಮಾಡುವವರ ಊರು ಒಂದು ಪತ್ರಿಕೆಯನ್ನು ನಡೆಸಿತು ಅಂದರೆ ಅಕ್ಷರಕ್ಕೆ ಇಲ್ಲಿ ಎಂಥ ಬೆಲೆ ಇತ್ತು ನೋಡಿ. ಗಣಿಯ ಒಳಗೂ ಹಾಗೆಯೇ. ‘ಏರ್ ಬ್ಲಾಸ್ಟ್’ ಆಗಿ ಬಂಡೆ ಸಿಡಿದು ಜನ ಸಿಕ್ಕಿಬಿದ್ದಾಗ ಮತ್ತೆ ಆ ಕತ್ತಲೆಗೆ ಇಳಿದು ಅವರನ್ನು ತಂದವರು ಜೊತೆಯ ಕೆಲಸಗಾರರೇ. ನಿಮ್ಮ ಅಪ್ಪಾಜಿ ಈ ಮಾತನ್ನು ನಿಮಗೆ ಹೇಳಿಯೇ ಇರುತ್ತಾರೆ. ಈಗಿನ ಮಕ್ಕಳಿಗೆ ಇದೆಲ್ಲ ಗೊತ್ತಿಲ್ಲ. ಅವರಿಗೆ ಕೆಜಿಎಫ್ ಅಂದರೆ ಸಿನಿಮಾ. ಅರ್ಜಿ ಬರೆಯಲು ಹೋದ ಮನೆಯಲ್ಲಿ ತಾತನನ್ನು ಮಾತಿಗೆಳೆದರೆ ಅವರಿಗೂ ಇದು ತಿಳಿಯುತ್ತದೆ. ಯಾವ ಶಾಫ್ಟು, ಯಾವ ಲೆವೆಲ್ಲು, ಕೇಜಿನಲ್ಲಿ ಇಳಿಯುವಾಗ ಕಿವಿ ಹೇಗೆ ಮುಚ್ಚಿಕೊಳ್ಳುತ್ತಿತ್ತು, ಕೆಳಗೆ ಎಷ್ಟು ಶೆಕೆ, ಎಲ್ಲ ಬರುತ್ತದೆ. ಆ ಮುದುಕರಿಗೆ ಕೇಳುವವರು ಸಿಕ್ಕಿದ್ದೇ ದೊಡ್ಡದು.

ಈಗ ನಿಮ್ಮ ಮಗಳ ವಿಷಯ. ಭಾನುವಾರದ ಕನ್ನಡ ತರಗತಿಗೆ ಹೋಗಿ ನಿಧಾನವಾಗಿ ಓದಲು ಕಲಿತಿದ್ದಾಳೆ ಅಂದಿರಿ. ಇಂಗ್ಲಿಷ್ ಹೇಗೂ ಬರುತ್ತದೆ. ಭವಿಷ್ಯನಿಧಿಯ ಇಂಗ್ಲಿಷ್ ಕಾಗದಗಳಿಗೆ ಇಲ್ಲಿ ಜನರಿಲ್ಲ, ನಮ್ಮ ಮಕ್ಕಳು ಆ ಕಚೇರಿ ಭಾಷೆಗೆ ತಡವರಿಸುತ್ತಾರೆ. ಅವಳು ಅದನ್ನು ಓದಿ ಕನ್ನಡದಲ್ಲಿ ಹೇಳಲಿ, ಜೊತೆಗಿರುವ ಊರಿಗಾಂ ಹುಡುಗಿ ಅದನ್ನು ಪಾಟಿಗೆ ತಮಿಳಿನಲ್ಲಿ ಹೇಳಲಿ. ಇಬ್ಬರು ಸೇರಿದರೆ ಕೆಲಸ ಪೂರ್ತಿ ಆಗುತ್ತದೆ. ಶಾಲೆ ಬಿಟ್ಟ ಮೇಲೆ ಸಂಜೆ ನಾಲ್ಕೂವರೆಯಿಂದ ಆರರವರೆಗೆ, ಶನಿವಾರ ಮಧ್ಯಾಹ್ನ, ಬಾಗಿಲು ತೆರೆದ ಮನೆಯಲ್ಲಿ, ಯಾರಾದರೂ ಹಿರಿಯರು ಎದುರಿಗೆ ಇರುವ ಹಾಗೆ ನಾನು ವ್ಯವಸ್ಥೆ ಮಾಡುತ್ತೇನೆ. ಅವಳು ಬಂದು ಕಲಿಸುತ್ತೇನೆ ಅನ್ನುವ ಮನಸ್ಸು ಮಾಡಿಕೊಳ್ಳದೆ, ಮೊದಲ ವಾರ ಇಲ್ಲಿನ ಹುಡುಗಿಯ ಹಿಂದೆ ಸುಮ್ಮನೆ ಓಡಾಡಲಿ. ನಾಡಕಚೇರಿಯಲ್ಲಿ ಸರ್ವರ್ ಡೌನ್ ಅಂತ ಬೆಂಚಿನ ಮೇಲೆ ಕೂರಬೇಕಾಗುತ್ತದೆ. ಹಾಗೆ ಕಾದ ಹೊತ್ತನ್ನೂ ಅವಳು ಗಂಟೆಯ ಲೆಕ್ಕಕ್ಕೆ ಬರೆದುಕೊಳ್ಳಬೇಕು ಅನ್ನುವುದು ನನ್ನ ಅಭಿಪ್ರಾಯ. ಒಬ್ಬ ಮುದುಕಿಯ ಜೊತೆ ಮಧ್ಯಾಹ್ನವೆಲ್ಲ ಬೆಂಚಿನ ಮೇಲೆ ಕೂರುವುದಕ್ಕಿಂತ ದೊಡ್ಡ ಸಹಾಯ ಆ ದಿನ ಆ ಮುದುಕಿಗೆ ಬೇರೆ ಇರುವುದಿಲ್ಲ.

ಇನ್ನು ಕೆಲವು ಸಣ್ಣ ವಿಷಯ. ಬೇರೆ ದೇಶದಲ್ಲಿ ಮಾಡಿದ ಗಂಟೆಗಳನ್ನು ಒಪ್ಪುತ್ತಾರೋ ಇಲ್ಲವೋ ಅಂತ ಅವಳ ಶಾಲೆಯ ಪ್ರಿನ್ಸಿಪಾಲರನ್ನು ಹೊರಡುವ ಮೊದಲೇ ಕೇಳಿ, ಒಪ್ಪಿಗೆಯನ್ನು ಬರಹದಲ್ಲಿ ತೆಗೆದುಕೊಳ್ಳಿ. ಆ ಫಾರಂ ಒಂದು ಪ್ರತಿ ನನಗೂ ಕಳಿಸಿದರೆ ಯಾರ ಸಹಿ ಬೇಕೋ ಅವರೊಂದಿಗೆ ನಾನು ಮೊದಲೇ ಮಾತಾಡಿಡುತ್ತೇನೆ. ಧೂಳಿನ ಅಲರ್ಜಿ ಇದ್ದರೆ ಮಾಸ್ಕು ತರಲಿ. ಉಡುಗೊರೆ, ಚಾಕಲೇಟು ಅಂತ ಲೈನಿನ ಮಕ್ಕಳಿಗೆ ಹಂಚಲು ಏನೂ ಕಳಿಸಬೇಡಿ, ಅವಳು ಅವರಲ್ಲಿ ಒಬ್ಬಳಾಗಿ ಸೇರುವುದಕ್ಕೆ ಅದು ಅಡ್ಡ ಬರುತ್ತದೆ. ಓದುವ ಕನ್ನಡಕ ಮಾತ್ರ, ಬೇರೆ ಬೇರೆ ಪವರಿನವು, ಕೈಲಾದಷ್ಟು ಕಳಿಸಿ. ಅರ್ಧ ಜನರಿಗೆ ಅಕ್ಷರ ಬಂದರೂ ಕಣ್ಣು ಕಾಣದೆ ಬೇರೆಯವರ ಹತ್ತಿರ ಓದಿಸುತ್ತಿದ್ದಾರೆ.

ಅವಳಿಗೆ ತಮಿಳು ಸ್ವಲ್ಪವಾದರೂ ಅರ್ಥವಾಗುತ್ತದೆಯೇ, ಬೆಂಗಳೂರಿಗೆ ಯಾವ ತಾರೀಖು ಇಳಿಯುತ್ತಾಳೆ, ಇವೆರಡನ್ನೂ ಮುಂದಿನ ಕಾಗದದಲ್ಲಿ ಮರೆಯದೆ ಬರೆಯಿರಿ. ಅಮ್ಮನವರನ್ನು ಈ ಭಾನುವಾರ ಹೋಗಿ ನೋಡಿಕೊಂಡು ಬರುತ್ತೇನೆ.

ಇಂತಿ,
ನಿಮ್ಮ ಊರಿಗಾಂ ಗೆಳೆಯ